ತೊಗರಿಯ ನಾಡಿನಲ್ಲಿ ಬೇಳೆಯ ಲೆಕ್ಕ

ಶಾಲೆಯ ಮಧ್ಯಾಹ್ನದ ಊಟದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದೊಂದಿಗೆ 20 ಗ್ರಾಂ ಬೇಳೆ ದೊರೆಯಬೇಕೆಂಬುದು ಕೇಂದ್ರ ಸರಕಾರದ ನಿಯಮ. ಆರರಿಂದ ಎಂಟನೆಯ ತರಗತಿಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ತೊಗರಿ ಬೆಳೆಯುವ ಮನೆಗಳವರು. ಅವರ ತಟ್ಟೆಯ ಬೇಳೆಗೂ ಅವರ ತಂದೆತಾಯಿಯ ಹೊಲದ ತೊಗರಿಗೂ ನಡುವೆ ಎಷ್ಟು ದೂರವಿದೆ ಎಂದು ಅಳೆಯಹೊರಟರೆ, ದಾರಿ ದಿಲ್ಲಿಯನ್ನು ದಾಟಿ ಆಫ್ರಿಕದ ಹೊಲಗಳವರೆಗೂ ಸಾಗುತ್ತದೆ.

ಆಹಾರ ಭದ್ರತೆ ಎಂಬ ಮಾತನ್ನು ಪಠ್ಯಪುಸ್ತಕಗಳಲ್ಲಿ ಮಕ್ಕಳು ಓದುತ್ತಾರೆ. 1996ರಲ್ಲಿ ರೋಮ್ ನಗರದಲ್ಲಿ ಕೂಡಿದ ವಿಶ್ವ ಆಹಾರ ಶೃಂಗಸಭೆಯು ಇದಕ್ಕೆ ನೀಡಿದ ಅರ್ಥ ವಿಶಾಲವಾದುದು: ಎಲ್ಲ ಜನರಿಗೂ ಎಲ್ಲ ಕಾಲದಲ್ಲಿಯೂ ಸಾಕಷ್ಟು, ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆಟುಕಬೇಕು, ಅದನ್ನು ಕೊಳ್ಳುವ ಶಕ್ತಿಯೂ ಅವರಲ್ಲಿರಬೇಕು. ‘ಎಲ್ಲ ಜನರು’ ಎಂಬುದರಲ್ಲಿ ಆಹಾರವನ್ನು ಬೆಳೆಯುವವರೂ ಸೇರಿದ್ದಾರೆ. ನಮ್ಮ ನೀತಿಗಳು ಮರೆಯುತ್ತ ಬಂದಿರುವುದು ಇದನ್ನೇ.

ಎರೆನೆಲದ ಬೆಳೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗಡಿರೇಖೆ ಬದಲಾದರೂ ಮಣ್ಣು ಬದಲಾಗಲಿಲ್ಲ. ಗಡಿಯ ಎರಡೂ ಬದಿಗಳಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಗೆ ಬರುತ್ತದೆ. ಈ ಗಿಡದ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ; ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ; ಉದುರಿದ ಎಲೆ ಗೊಬ್ಬರವಾಗುತ್ತದೆ, ಕಟ್ಟಿಗೆ ಒಲೆಗೆ ಸಲ್ಲುತ್ತದೆ. ಸೋಯಾಬೀನಿನ ಸಾಲುಗಳ ನಡುವೆ ತೊಗರಿಯ ಸಾಲು ಹಾಕುವ ರೂಢಿಯಲ್ಲಿ ಜಾಣತನವಿದೆ: ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಮನೆಯನ್ನು ಕಾಯುತ್ತದೆ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2024ರಲ್ಲಿ ಅದೇ ಗೌರವ ನಿಲಂಗಾ ತಾಲೂಕಿನ ಬೋರಸುರಿಯ ತೊಗರಿಬೇಳೆಗೆ ಬಂತು. ಲಾತೂರ ಮತ್ತು ಉದಗೀರಗಳ ದಾಲ್ ಮಿಲ್ಲುಗಳ ಹೆಸರನ್ನು ದೇಶದ ವ್ಯಾಪಾರಿಗಳೆಲ್ಲ ಬಲ್ಲರು. ಇಷ್ಟು ಕೀರ್ತಿಯಿರುವ ಬೆಳೆಯ ಒಡೆಯನಿಗೆ ನೆಮ್ಮದಿ ಮಾತ್ರ ಏಕೆ ಇಲ್ಲ? ಇದಕ್ಕೆ ಉತ್ತರ ಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಇನ್ನೂರರಿಂದ ಐವತ್ತಕ್ಕೆ

2014 ಮತ್ತು 2015ರಲ್ಲಿ ಸಾಲುಸಾಲಾಗಿ ಮಳೆ ಕೈಕೊಟ್ಟಿತು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾದುದನ್ನು ಈ ಭಾಗದವರು ಮರೆತಿಲ್ಲ. 2015–16ರಲ್ಲಿ ದೇಶದ ತೊಗರಿ ಉತ್ಪನ್ನ ಸುಮಾರು 25.6 ಲಕ್ಷ ಟನ್ನಿಗೆ ಇಳಿಯಿತು. ನಗರಗಳ ಅಂಗಡಿಗಳಲ್ಲಿ ಬೇಳೆಯ ದರ ಕಿಲೋಗೆ 200 ರೂಪಾಯಿಯನ್ನು ಮುಟ್ಟಿತು. ಕೊಳ್ಳುವವರ ಕೂಗು ದಿಲ್ಲಿಗೆ ಕೇಳಿಸಿತು. ದಾಸ್ತಾನಿಗೆ ಮಿತಿ ಹಾಕಲಾಯಿತು, ಆಮದಿಗೆ ಬಾಗಿಲು ತೆರೆದೇ ಇತ್ತು. 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದೊಂದಿಗೆ ಒಪ್ಪಂದವಾಯಿತು: ವರ್ಷಕ್ಕೆ ಒಂದು ಲಕ್ಷ ಟನ್ನಿನಿಂದ ತೊಡಗಿ, 2020–21ರ ಹೊತ್ತಿಗೆ ಎರಡು ಲಕ್ಷ ಟನ್ ಬೇಳೆಕಾಳು ಅಲ್ಲಿಂದ ಬರಬೇಕು.

ಇತ್ತ ರೈತರೂ ದರ ನೋಡಿ ತೊಗರಿಯನ್ನೇ ನೆಚ್ಚಿದರು, ಮಳೆಯೂ ಒಲಿಯಿತು. 2016–17ರ ಉತ್ಪನ್ನ ಸುಮಾರು 48.7 ಲಕ್ಷ ಟನ್, ಅಂದರೆ ಹಿಂದಿನ ವರ್ಷದ ಎರಡು ಪಟ್ಟಿಗೆ ಸಮೀಪ. ಅದೇ ವರ್ಷ ವಿದೇಶಗಳಿಂದ ಎಲ್ಲ ಬಗೆಯ ಬೇಳೆಕಾಳು ಸೇರಿ ಸುಮಾರು 66 ಲಕ್ಷ ಟನ್ ಬಂದಿಳಿಯಿತು. ಬೇಳೆಕಾಳುಗಳ ರಫ್ತಿಗೆ 2006ರಿಂದಲೂ ನಿಷೇಧವಿದ್ದುದರಿಂದ ಹೆಚ್ಚಾದ ಮಾಲು ಹೊರಗೆ ಹೋಗುವ ದಾರಿಯಿರಲಿಲ್ಲ. ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ರೂಪಾಯಿ, ಅಂದರೆ ಕಿಲೋಗೆ ಐವತ್ತೂವರೆ. ಮಾರುಕಟ್ಟೆಯಲ್ಲಿ ಅದೂ ಸಿಗಲಿಲ್ಲ. ಮಹಾರಾಷ್ಟ್ರದ ಸರಕಾರಿ ಖರೀದಿ 2017ರ ಏಪ್ರಿಲ್ 22ಕ್ಕೆ ನಿಂತಾಗ ಕೇಂದ್ರಗಳ ಮುಂದೆ ಚೀಲಗಳು ಸಾಲುಗಟ್ಟಿದ್ದವು. ಸರದಿಯಲ್ಲಿದ್ದ ಮಾಲನ್ನಾದರೂ ಕೊಳ್ಳಲು ಸರಕಾರವನ್ನು ಒತ್ತಾಯಿಸಬೇಕಾಯಿತು.

ಎಚ್ಚರಿಕೆ ಇರಲಿಲ್ಲವೆಂದಲ್ಲ. ಅಂದಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ಸಮಿತಿ 2016ರ ಸೆಪ್ಟೆಂಬರಿನಲ್ಲಿಯೇ ವರದಿ ಒಪ್ಪಿಸಿತ್ತು. ಸರಕಾರ ಬೇಗನೆ ಖರೀದಿಗೆ ಇಳಿಯಬೇಕು, ರಫ್ತಿನ ನಿಷೇಧ ಹಾಗೂ ದಾಸ್ತಾನಿನ ಮಿತಿ ಹೋಗಬೇಕು, 2017ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆ 6,000 ರೂಪಾಯಿ ಆಗಬೇಕು ಎಂದು ಅದು ಹೇಳಿತ್ತು. ಆ ವರ್ಷ ಘೋಷಣೆಯಾದುದು 5,450. ಆರು ಸಾವಿರದ ಅಂಕಿ ಬಂದುದು 2020–21ರಲ್ಲಿ. ತೊಗರಿಯ ರಫ್ತಿಗೆ ಅನುಮತಿ ದೊರೆತುದು 2017ರ ಸೆಪ್ಟೆಂಬರಿನಲ್ಲಿ. ಆ ವೇಳೆಗೆ ರೈತರ ರಾಶಿ ಎಂದೋ ಮಾರಾಟವಾಗಿ ಹೋಗಿತ್ತು.

ಸಮುದ್ರದಾಚೆಯ ರೈತ

2017ರ ಆಗಸ್ಟಿನಲ್ಲಿ ಭಾರತ ಒಮ್ಮೆಲೇ ತೊಗರಿಯ ಆಮದಿಗೆ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿ ಹಾಕಿತು. ಸಂಕಟ ಆಗ ಹಡಗೇರಿ ಮೊಜಾಂಬಿಕ್ಕಿಗೆ ಹೋಯಿತು. ಅಲ್ಲಿಯ ರೈತರೂ ಸಣ್ಣ ಹಿಡುವಳಿದಾರರೇ. ಭಾರತ ಕೊಳ್ಳುತ್ತದೆಂಬ ಭರವಸೆಯಿಂದ ಅವರು ತೊಗರಿ ಹೆಚ್ಚಿಸಿದ್ದರು. ಅಲ್ಲಿ ತೊಗರಿಯ ಬಳಕೆ ಕಡಿಮೆ. ಬೆಳೆದುದರಲ್ಲಿ ಬಹುಪಾಲು ನಮ್ಮ ದೇಶಕ್ಕೆಂದೇ ಬೆಳೆದುದು. ಬಾಗಿಲು ಮುಚ್ಚಿದಾಗ ಅಲ್ಲಿಯ ದರ ನೆಲಕಚ್ಚಿತು. ನಮ್ಮ ರೈತನೂ ಅಲ್ಲಿಯ ರೈತನೂ ಒಬ್ಬರಿಗೊಬ್ಬರು ವೈರಿಗಳೆಂದು ಕಾಣಬಹುದು. ಆದರೆ ಇಬ್ಬರನ್ನೂ ಕೆಡವಿದುದು ಒಂದೇ ಸಂಗತಿ: ಬಿತ್ತುವಾಗ ಒಂದು ನೀತಿ, ರಾಶಿ ಮಾಡುವಾಗ ಇನ್ನೊಂದು ನೀತಿ.

2021ರಲ್ಲಿ ಬಾಗಿಲು ಮತ್ತೆ ತೆರೆಯಿತು. ಮಲಾವಿ ಮತ್ತು ಮ್ಯಾನ್ಮಾರ್ ದೇಶಗಳೊಂದಿಗೂ ಒಪ್ಪಂದಗಳಾದವು. 2024–25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಹೊರಗಿನಿಂದ ಬಂತು. 2024ರ ನಡುವಿನಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರ ದಾಟಿದ್ದ ದರ, 2025ರ ಆರಂಭದಲ್ಲಿ ಹೊಸ ಮಾಲು ಮೊಂಢಾಕ್ಕೆ ಬರುವಷ್ಟರಲ್ಲಿ ಬೆಂಬಲ ಬೆಲೆಯಾದ 7,550ರ ಕೆಳಗೆ ಜಾರಿತು. ಅದೇ ಜನವರಿಯಲ್ಲಿ ಸುಂಕವಿಲ್ಲದ ಆಮದಿನ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಯಿತು. ಗಡಿಯಾಚೆ ಕರ್ನಾಟಕ ಸರಕಾರವು 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ ಖರೀದಿ ಕೇಂದ್ರಗಳಲ್ಲಿ 8,000 ಕೊಟ್ಟಿತು. ಒಂದೇ ಮಣ್ಣಿನ ಕಾಳಿಗೆ ಗಡಿಕಲ್ಲಿನ ಆಚೆ ಒಂದು ಬೆಲೆ, ಈಚೆ ಇನ್ನೊಂದು.

ಗೋದಿ, ಅಕ್ಕಿ ಮತ್ತು ಬೇಳೆ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲುತ್ತದೆ. 2023ರಿಂದ ಅದು ಉಚಿತ. ಈ ಕಾಯ್ದೆ ಹಸಿವನ್ನು ತಡೆದಿದೆ. ಅದರ ಬೆಲೆಯನ್ನು ಬಡವರ ಮನೆ ಬಲ್ಲದು. ಆದರೆ ಕಾಯ್ದೆಯ ಹಕ್ಕಿನಲ್ಲಿ ಬೇಳೆ ಸೇರಿಲ್ಲ. ಬೆಂಬಲ ಬೆಲೆಗೆ ಖರೀದಿ ಗೋದಿ ಮತ್ತು ಅಕ್ಕಿಗೆ ನಡೆದಷ್ಟು ಖಾತರಿಯಾಗಿ ಬೇಳೆಕಾಳಿಗೆ ನಡೆದಿಲ್ಲ. ಹೊಟ್ಟೆ ತುಂಬಿಸುವ ಧಾನ್ಯಕ್ಕೆ ವ್ಯವಸ್ಥೆಯುಂಟು. ಮಕ್ಕಳ ಮೈಕಟ್ಟುವ ಬೇಳೆ ಮಾರುಕಟ್ಟೆಯ ಕೃಪೆಗೆ ಬಿಟ್ಟುದು. ಜನವರಿಯಲ್ಲಿ ಸಾಲ ತೀರಿಸಲು ಇದ್ದ ತೊಗರಿಯನ್ನೆಲ್ಲ ಮಾರಿದ ಮನೆ ಮಳೆಗಾಲದಲ್ಲಿ ಅಂಗಡಿಯಿಂದ ಬೇಳೆ ತರುತ್ತದೆ. ಅಗ್ಗಕ್ಕೆ ಮಾರಿ ತುಟ್ಟಿಗೆ ಕೊಳ್ಳುವ ಈ ಲೆಕ್ಕದಲ್ಲಿ ಮೊದಲು ತೆಳುವಾಗುವುದು ಮಕ್ಕಳ ಸಾರು.

ಮುಂದೇನು?

2025ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು 11,440 ಕೋಟಿ ರೂಪಾಯಿಗಳ ಬೇಳೆಕಾಳು ಸ್ವಾವಲಂಬನೆಯ ಯೋಜನೆಗೆ ಚಾಲನೆ ನೀಡಿದೆ. ನೋಂದಾಯಿಸಿದ ರೈತರು ತರುವ ತೊಗರಿ, ಉದ್ದು, ಮಸೂರಗಳನ್ನು ನಾಲ್ಕು ವರ್ಷ ನಾಫೆಡ್ ಮತ್ತು ಎನ್‌ಸಿಸಿಎಫ್ ಸಂಸ್ಥೆಗಳು ಬೆಂಬಲ ಬೆಲೆಗೆ ಕೊಳ್ಳುತ್ತವೆಂಬುದು ಅದರ ಮುಖ್ಯ ಭರವಸೆ. 2025–26ರ ಬೆಲೆ 8,000 ರೂಪಾಯಿ. ಭರವಸೆ ಒಳ್ಳೆಯದು. ಅದು ನಿಜವಾಗಬೇಕಾದರೆ ಖರೀದಿ ಕೇಂದ್ರಗಳು ರಾಶಿಯಾದ ವಾರವೇ ತೆರೆಯಬೇಕು, ಹಣ ತಡವಾಗದೆ ಸೇರಬೇಕು; ಸುಂಕವಿಲ್ಲದ ಕಾಳು ಹೊಸ ಮಾಲಿನ ಹೊತ್ತಿಗೇ ಬಂದು ಬೀಳದಂತೆ ಆಮದಿನ ಕಾಲವನ್ನು ಬಿತ್ತನೆಗೆ ಮುನ್ನವೇ ಸಾರಬೇಕು. ಖರೀದಿಸಿದ ಬೇಳೆ ಗೋದಾಮಿನಲ್ಲಿ ಕೂಡದೆ ಪಡಿತರ ಅಂಗಡಿಗೂ ಶಾಲೆಯ ಅಡುಗೆಮನೆಗೂ ಹೋದರೆ, ಬೆಳೆದವರಿಗೂ ಉಣ್ಣುವವರಿಗೂ ಒಂದೇ ಹಣದಲ್ಲಿ ಎರಡು ಉಪಕಾರ.

ನಮ್ಮ ಪಾಲಿನ ಕೆಲಸವೂ ಇದೆ. ಇ-ಪೀಕ ಪಾಹಣಿಯಲ್ಲಿ ತೊಗರಿಯ ಹೆಸರು ದಾಖಲಾಗಿ, ಸಾತ್‌ಬಾರಾ ಉತಾರೆಯಲ್ಲಿ ಕಾಣದಿದ್ದರೆ ಖರೀದಿ ಕೇಂದ್ರದಲ್ಲಿ ಮಾಲು ಕೊಡುವುದು ಕಷ್ಟ. ಸೋಯಾಬೀನಿನೊಳಗಿನ ಸಾಲು ತೊಗರಿಯನ್ನು ಬರೆಸಲು ಅನೇಕರು ಮರೆಯುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ನಮ್ಮ ಸ್ಥಿತಿಯಲ್ಲಿ ಮೇಲಿನ ತರಗತಿಯ ಮಕ್ಕಳು ಎರಡನ್ನೂ ಓದಬಲ್ಲರು. ಹಿರಿಯರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಂದಣಿ ಮುಗಿಸಲಿ. ಮಾರುವ ಮುನ್ನ ವರ್ಷದ ಬೇಳೆಗೆ ಬೇಕಾದಷ್ಟು ಕಾಳನ್ನು ಮನೆಗೆ ತೆಗೆದಿಡಲಿ. ನೂರು ಕಿಲೋ ತೊಗರಿಯಿಂದ ಎಪ್ಪತ್ತು ಕಿಲೋ ಬೇಳೆಯಾದರೆ, ದಿನಕ್ಕೆ ಇನ್ನೂರು ಗ್ರಾಂ ಬೇಯಿಸುವ ಮನೆಗೆ ಒಂದು ಚೀಲ ತೊಗರಿ ಎಷ್ಟು ದಿನ ಬಂದೀತು? ಮಕ್ಕಳು ಈ ಲೆಕ್ಕ ಮಾಡಿ ಮನೆಯಲ್ಲಿ ಹೇಳಲಿ.