ಲಂಡನ್ನಿನಲ್ಲಿ ಜೇಬು ಜೋಕೆ!

ರಾಯಚೂರಿನ ಮಾರುಕಟ್ಟೆಗೆ ಹತ್ತಿ ತಂದ ರೈತ ಸಂಜೆ ಹಣ ಎಣಿಸಿಕೊಂಡು ಊರಿನ ಬಸ್ಸು ಹತ್ತುವುದನ್ನು ನೋಡಬೇಕು. ಅಂಗಿಯ ಮೇಲಿನ ಜೇಬಿನಲ್ಲಿ ಟಿಕೆಟ್ಟಿಗೆ ಬೇಕಾದ ಚಿಲ್ಲರೆ ಮಾತ್ರ. ಉಳಿದದ್ದೆಲ್ಲ ಬನಿಯನ್ನಿನ ಒಳಜೇಬಿನಲ್ಲಿ, ಅದರ ಮೇಲೊಂದು ಕೈ. ಪಕ್ಕದಲ್ಲಿ ಕುಳಿತವನು ಎಷ್ಟೇ ಸವಿಯಾಗಿ 'ಇವತ್ತು ರೇಟು ಎಷ್ಟು ಬಂತ್ರೀ ಗೌಡ್ರೇ?' ಎಂದು ಕೇಳಿದರೂ ಸಿಗುವ ಉತ್ತರ ಒಂದೇ: 'ಏನ್ ಬಂತ್ರೀ, ಖರ್ಚಿಗೇ ಸಾಲಲಿಲ್ಲ!' ಈ ಜಾಣತನವನ್ನು ಅವನಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ.

ಆದರೆ ಅದೇ ರೈತನ ಮಗನೋ ಮಗಳೋ ಓದಲೆಂದು ಲಂಡನ್ನಿಗೆ ಹೊರಟು ನಿಂತಾಗ ಈ ಜಾಣತನ ಮನೆಯ ಮೊಳೆಗೆ ತೂಗುಹಾಕಿದ ಹಳೆಯ ಅಂಗಿಯಂತೆ ಹಿಂದೆಯೇ ಉಳಿದುಬಿಡುತ್ತದೆ. 'ಅದು ಮುಂದುವರಿದ ದೇಶ, ಅಲ್ಲಿ ಎಲ್ಲವೂ ಕಾಯಿದೆ ಪ್ರಕಾರ' ಎಂಬ ನಂಬಿಕೆ ಅದರ ಜಾಗಕ್ಕೆ ಬಂದು ಕೂರುತ್ತದೆ. ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರುಗಳಿಂದ ಹೋಗುವ ಮಕ್ಕಳಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ.

ಹಾಗೆಂದು ಲಂಡನ್ ಭಯಪಡಬೇಕಾದ ಊರೇನಲ್ಲ. ಲಕ್ಷಾಂತರ ಜನ ಅಲ್ಲಿ ನೆಮ್ಮದಿಯಿಂದ ಓದುತ್ತಾರೆ, ದುಡಿಯುತ್ತಾರೆ, ರಾತ್ರಿ ಬಸ್ಸಿನಲ್ಲಿ ಮನೆಗೆ ಮರಳುತ್ತಾರೆ. ಚೂರಿ ಹಿಡಿದವನು ಎದುರಾಗುವುದು ಅಪರೂಪ. ನಗುಮುಖದಿಂದ 'ಈಗಲೇ ಹಣ ಕಳಿಸಿ' ಎನ್ನುವವನು ಎದುರಾಗುವುದು ಮಾತ್ರ ಅಪರೂಪವಲ್ಲ.

ವಿಮಾನ ಹತ್ತುವ ಮೊದಲೇ

ವಿಚಿತ್ರವೆಂದರೆ, ದೊಡ್ಡ ಮೋಸ ಅನೇಕ ಸಲ ಲಂಡನ್ನಿನಲ್ಲಿ ನಡೆಯುವುದೇ ಇಲ್ಲ. ಅದು ನಡೆಯುವುದು ರಾಯಚೂರಿನ ಬ್ಯಾಂಕಿನ ಕೌಂಟರಿನಲ್ಲಿ! ಹುಡುಗ ಅಂತರಜಾಲದಲ್ಲಿ ಒಂದು ಕೋಣೆ ಹುಡುಕಿರುತ್ತಾನೆ. ಚಿತ್ರ ಚೆನ್ನಾಗಿದೆ, ಕಾಲೇಜಿಗೆ ಹತ್ತಿರವಿದೆ, ಬಾಡಿಗೆ ಉಳಿದ ಕಡೆಗಿಂತ ಕಡಿಮೆ. ಮಾಲೀಕ ತಾನು ಪರದೇಶದಲ್ಲಿದ್ದೇನೆ, ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎನ್ನುತ್ತಾನೆ. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, ಇವತ್ತೇ ಠೇವಣಿ ಕಟ್ಟಿದರೆ ನಿಮಗೆ ಎನ್ನುತ್ತಾನೆ. ಅಪ್ಪ ಹಣ ಕಳಿಸುತ್ತಾನೆ. ಮಗ ಲಂಡನ್ನಿಗೆ ಹೋಗಿ ಬಾಗಿಲು ತಟ್ಟಿದರೆ ಅಲ್ಲಿ ಬೇರೆ ಸಂಸಾರವಿರುತ್ತದೆ. ಆ ಚಿತ್ರಗಳು ಎಲ್ಲಿಂದಲೋ ಕದ್ದವು.

ಎರಡು ಸಾವಿರ ಪೌಂಡ್ ಹೋಯಿತೆಂದರೆ ಎಷ್ಟು? ಪೌಂಡಿಗೆ ಬರೀ ನೂರು ರೂಪಾಯಿಯಂತೆ ಲೆಕ್ಕ ಹಾಕಿದರೂ ಎರಡು ಲಕ್ಷ. ಉದ್ದ ಎಳೆಯ ಹತ್ತಿಗೆ 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಅಂದರೆ ಹೆಚ್ಚುಕಡಿಮೆ ಇಪ್ಪತ್ತೈದು ಕ್ವಿಂಟಲ್ ಹತ್ತಿ ಒಂದೇ ಮಧ್ಯಾಹ್ನದಲ್ಲಿ ಮಾಯ. ಅದೂ ಬಹಳ ಸಲ ಸಾಲದ ಹಣ.

ಇಲ್ಲಿ ತಂದೆತಾಯಿಗಳು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಅದರಂತೆ, ಯಾರಾದರೂ ವಂಚಕನ ಮಾತು ನಂಬಿ ತಮ್ಮ ಬ್ಯಾಂಕ್ ಖಾತೆಯಿಂದ ಹಣ ವರ್ಗಾಯಿಸಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ 85,000 ಪೌಂಡಿನವರೆಗೆ ಅದನ್ನು ತುಂಬಿಕೊಡಬೇಕು. ಆದರೆ ಇದು ಆ ದೇಶದೊಳಗಿನ ಖಾತೆಗಳ ನಡುವಿನ ವರ್ಗಾವಣೆಗೆ ಮಾತ್ರ. ರಾಯಚೂರಿನಿಂದ ನೇರವಾಗಿ ಕಳಿಸಿದ ಹಣಕ್ಕೆ ಆ ರಕ್ಷಣೆಯಿಲ್ಲ. ಆದ್ದರಿಂದ ಮೊದಲ ಕೆಲವು ವಾರಗಳಿಗೆ ವಿಶ್ವವಿದ್ಯಾಲಯದ ವಸತಿಗೃಹವೇ ಲೇಸು, ನಾಲ್ಕು ಕಾಸು ಹೆಚ್ಚಾದರೂ ಸರಿ. ಹೊರಗಿನ ಮನೆ ಹಿಡಿಯಲೇಬೇಕಿದ್ದರೆ ಅಲ್ಲಿರುವ ಹಿರಿಯ ವಿದ್ಯಾರ್ಥಿಯೊಬ್ಬರು ಒಳಗೆ ಹೋಗಿ ನೋಡಿಬರುವವರೆಗೆ ಒಂದು ಪೈಸೆಯೂ ಹೋಗಬಾರದು. ಇಂಗ್ಲೆಂಡಿನ ಭೂನೋಂದಣಿ ಇಲಾಖೆಗೆ ಏಳು ಪೌಂಡ್ ಕಟ್ಟಿದರೆ ಮನೆಯ ನಿಜವಾದ ಒಡೆಯ ಯಾರೆಂದು ತಿಳಿಯುತ್ತದೆ. ನಮ್ಮಲ್ಲಿ ಹೊಲ ಕೊಳ್ಳುವ ಮೊದಲು ಪಹಣಿ ತೆಗೆಸುವುದಿಲ್ಲವೇ, ಹಾಗೆಯೇ.

ಇಂಗ್ಲೆಂಡಿನ 2019ರ ಕಾಯಿದೆಯ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿರುವ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಇಡೀ ಮನೆಯನ್ನು ಬಾಡಿಗೆಗೆ ಕೊಟ್ಟವನು ಆ ಠೇವಣಿಯನ್ನು ಮೂವತ್ತು ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಟ್ಟು ವಿವರ ಕೊಡಬೇಕು. ಕೊಡದವನ ಬಗ್ಗೆ ಸಂಶಯಪಡುವುದು ತಪ್ಪಲ್ಲ.

ಪೆಟ್ಟಿಗೆಯಲ್ಲಿ ಏನಿದೆ?

ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಮಗಳನ್ನು ಬಿಡಲು ಹೋಗುವ ತಾಯಿ ಕೊನೆಯ ಗಳಿಗೆಯಲ್ಲಿ ಪೆಟ್ಟಿಗೆಗೆ ತುರುಕುವ ವಸ್ತುಗಳಲ್ಲಿ ಎರಡು ತೊಂದರೆ ಕೊಡಬಲ್ಲವು. ಒಂದು ತುಪ್ಪದ ಡಬ್ಬಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಒಯ್ಯಲು ಬ್ರಿಟನ್ ಬಿಡುವುದಿಲ್ಲ. ತುಪ್ಪ, ಪೇಡಾ, ಖೋವಾ ಎಲ್ಲವೂ ಅದರಲ್ಲಿ ಬಂದವು. ಖಡಕ್ ರೊಟ್ಟಿಗೆ ಅಡ್ಡಿಯಿಲ್ಲ.

ಎರಡನೆಯದು ಗಂಭೀರವಾದದ್ದು. ಒಬ್ಬಳೇ ಇರುವ ಹುಡುಗಿಗೆ ಇರಲಿ ಎಂದು ಕಾಳಜಿಯಿಂದ ಕೊಡುವ ಪೆಪ್ಪರ್ ಸ್ಪ್ರೇ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಈ ಡಬ್ಬಿ ಬ್ರಿಟನ್ನಿನಲ್ಲಿ 1968ರ ಬಂದೂಕು ಕಾಯಿದೆಯಡಿ ನಿಷೇಧಿತ ಆಯುಧ! ರಕ್ಷಣೆಗೆಂದು ಒಯ್ದವಳೇ ಪೊಲೀಸರ ಮುಂದೆ ನಿಲ್ಲಬೇಕಾದೀತು. ಸಕಾರಣವಿಲ್ಲದೆ ಚೂರಿಯನ್ನು ಜೇಬಿನಲ್ಲಿಟ್ಟು ಬೀದಿಯಲ್ಲಿ ತಿರುಗುವುದೂ ಅಪರಾಧ. ಮಡಚುವ ಸಣ್ಣ ಚಾಕುವಿಗಷ್ಟೇ ವಿನಾಯಿತಿ, ಅದರ ಅಲಗೂ ಮೂರು ಅಂಗುಲ ಮೀರುವಂತಿಲ್ಲ.

ಹೀಥ್ರೂದಲ್ಲಿ ಇಳಿದ ಮೇಲೆ 'ಟ್ಯಾಕ್ಸಿ ಬೇಕೇ?' ಎಂದು ತಾವಾಗಿಯೇ ಬಂದು ಕೇಳುವವರ ಹಿಂದೆ ಹೋಗಬಾರದು. ಬೀದಿಯಲ್ಲಿ ಕೈತೋರಿಸಿ ಹತ್ತಬಹುದಾದದ್ದು ಅಲ್ಲಿನ ಪ್ರಸಿದ್ಧ 'ಬ್ಲ್ಯಾಕ್ ಕ್ಯಾಬ್' ಮಾತ್ರ. ಉಳಿದ ಬಾಡಿಗೆ ಕಾರುಗಳನ್ನು ಮೊದಲೇ ಕಾಯ್ದಿರಿಸಿರಬೇಕು. ಅದಕ್ಕಿಂತ ಪಿಕಾಡಿಲಿ ಮಾರ್ಗದ ಸುರಂಗ ರೈಲು ಅಗ್ಗ. ಸುಮಾರು ಒಂದು ಗಂಟೆಯಲ್ಲಿ ಊರ ನಡುವೆ ತಂದುಬಿಡುತ್ತದೆ. ರೈಲಿನಲ್ಲಿ ಕಾರ್ಡನ್ನು ಹತ್ತುವಾಗಲೂ ಇಳಿದು ಹೊರಬರುವಾಗಲೂ ಯಂತ್ರಕ್ಕೆ ತಾಗಿಸಬೇಕು. ಮರೆತರೆ ಗರಿಷ್ಠ ದರ ಕಟಾವಾಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ತಾಗಿಸಿದರೆ ಸಾಕು. 2014ರ ಜುಲೈಯಿಂದ ಲಂಡನ್ ಬಸ್ಸುಗಳಲ್ಲಿ ನಗದು ಹಣ ನಡೆಯುವುದಿಲ್ಲ, ಕಂಡಕ್ಟರನ ಹತ್ತಿರ 'ಚಿಲ್ಲರೆ ಆಮೇಲೆ ಕೊಡ್ರಿ' ಎನ್ನುವ ಮಾತೇ ಇಲ್ಲ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ ನೂರು ಪೌಂಡ್. 21 ದಿನದೊಳಗೆ ಕಟ್ಟಿದರೆ ಐವತ್ತು.

ಬಸವಣ್ಣನ ಎದುರು ನಿಂತಾಗ

ಕರ್ನಾಟಕದಿಂದ ಹೋದವರು ತಪ್ಪದೆ ನೋಡುವ ಜಾಗವೊಂದಿದೆ. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪುತ್ಥಳಿ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದನ್ನು ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ನದಿಯ ಆಚೆಗೆ ಬ್ರಿಟಿಷ್ ಪಾರ್ಲಿಮೆಂಟಿನ ಭವನ. ಅಲ್ಲಿ ನಿಂತು ಊರಿಗೊಂದು ಫೋಟೋ ಕಳಿಸದೆ ಇರಲು ಯಾರಿಂದ ಸಾಧ್ಯ?

ಫೋಟೋ ತೆಗೆಯಲಿ. ಆದರೆ ರಸ್ತೆಯ ಅಂಚಿನಲ್ಲಿ ನಿಂತು ತೆಗೆಯಬಾರದು. ಲಂಡನ್ನಿನಲ್ಲಿ 2024ರಲ್ಲಿ ಸುಮಾರು 80,000 ಮೊಬೈಲ್ ಫೋನುಗಳು ಕಳವಾದವು. ಮುಖ ಮುಚ್ಚಿಕೊಂಡವನು ಸದ್ದಿಲ್ಲದ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಹಿಂದಿನಿಂದ ಬರುತ್ತಾನೆ, ಕೈಯಲ್ಲಿದ್ದ ಫೋನನ್ನು ಹದ್ದು ಮರಿ ಕಿತ್ತಂತೆ ಕಿತ್ತು ಹೋಗುತ್ತಾನೆ. ಕದ್ದ ಫೋನುಗಳಲ್ಲಿ ಎಷ್ಟೋ ಚೀನಾಕ್ಕೆ ಸಾಗುತ್ತವೆ ಎಂಬುದು ಪೊಲೀಸರ ತನಿಖೆಯಲ್ಲಿ ಬಯಲಾಗಿದೆ. ದಾರಿ ಹುಡುಕಬೇಕಾದರೆ ಅಂಗಡಿಯೊಳಗೆ ಹೋಗಬೇಕು, ಇಲ್ಲವೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಈಗ ಬ್ಯಾಂಕು, ಟಿಕೆಟ್ಟು, ವೀಸಾ ಎಲ್ಲವೂ ಫೋನಿನಲ್ಲೇ ಇರುವುದರಿಂದ ಫೋನು ಹೋದರೆ ಅರ್ಧ ಬದುಕೇ ಹೋದಂತೆ. ಊರಿನಲ್ಲಿರುವಾಗಲೇ *#06# ಒತ್ತಿ ಬರುವ ಹದಿನೈದು ಅಂಕಿಯ ಸಂಖ್ಯೆಯನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ಬ್ಯಾಂಕಿನ ದೂರವಾಣಿಯನ್ನೂ ಮನೆಯ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಫೋನು ಕಳೆದ ದಿನ ಆ ಪುಸ್ತಕದ ಬೆಲೆ ಗೊತ್ತಾಗುತ್ತದೆ.

ಪುತ್ಥಳಿಯಿಂದ ನದಿಯ ದಂಡೆ ಹಿಡಿದು ನಡೆದರೆ ವೆಸ್ಟ್‌ಮಿನ್‌ಸ್ಟರ್ ಸೇತುವೆ. ಅದರ ಮೇಲೆ ಮೂರು ಲೋಟ ಬೋರಲು ಹಾಕಿ, ಗುಂಡು ಯಾವುದರ ಅಡಿ ಇದೆ ಹೇಳಿ ಎನ್ನುವವರು ಇರುತ್ತಾರೆ. ನಮ್ಮ ಜಾತ್ರೆಗಳ ಮೂರೆಲೆ ಆಟದ ಖಾಸಾ ತಮ್ಮ ಇದು! ಮುಂದೆ ನಿಂತು ಗೆಲ್ಲುವವರೆಲ್ಲ ಅವರದೇ ಜನ. ಜಾತ್ರೆಯಲ್ಲಿ ಕಂಡರೆ ಪಕ್ಕಕ್ಕೆ ಸರಿಯುವ ಹುಡುಗ ಲಂಡನ್ನಿನಲ್ಲಿ ಏಕೆ ನಿಂತು ನೋಡಬೇಕು? ನೋಡುತ್ತಾ ನಿಂತವರ ಜೇಬಿಗೆ ಹಿಂದಿನಿಂದ ಕೈ ಹಾಕುವವರೂ ಆ ಗುಂಪಿನಲ್ಲೇ ಇರಬಹುದು.

ಹೆದರಿಸುವ ದನಿ

ಬೀದಿಯ ಕಳ್ಳ ಒಯ್ಯುವುದು ಫೋನನ್ನು. ಫೋನಿನೊಳಗಿನ ಕಳ್ಳ ಒಯ್ಯುವುದು ವರ್ಷದ ಶುಲ್ಕವನ್ನು. 'ಗೃಹ ಇಲಾಖೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ವೀಸಾ ಕಾಗದದಲ್ಲಿ ತಪ್ಪಿದೆ, ಈಗಲೇ ದಂಡ ಕಟ್ಟದಿದ್ದರೆ ಗಡೀಪಾರು' ಎಂದು ಕರೆ ಬರುತ್ತದೆ. ಕೆಲವೊಮ್ಮೆ ಭಾರತೀಯ ಹೈಕಮಿಷನ್ನಿನ ಹೆಸರು, ಅಲ್ಲಿನದೇ ದೂರವಾಣಿ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಕರೆ ಮಾಡಿದವನಿಗೆ ಹುಡುಗನ ಹೆಸರು, ಕಾಲೇಜು ಎಲ್ಲ ಗೊತ್ತು. ಯಾರಿಗೂ ಹೇಳಬೇಡ, ಫೋನು ಇಡಬೇಡ ಎನ್ನುತ್ತಾನೆ. ಯಾವ ಸರ್ಕಾರವೂ ಹೀಗೆ ಫೋನಿನಲ್ಲಿ ದಂಡ ವಸೂಲು ಮಾಡುವುದಿಲ್ಲ. ಫೋನು ಇಟ್ಟು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋದರೆ ಐದು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ.

ಇನ್ನೊಂದು ಬಲೆ ಇದಕ್ಕಿಂತ ಕೆಟ್ಟದ್ದು. ಪರಿಚಯದವನೊಬ್ಬ, ಕೆಲವೊಮ್ಮೆ ನಮ್ಮ ದೇಶದವನೇ, 'ನಿನ್ನ ಖಾತೆಗೆ ಸ್ವಲ್ಪ ಹಣ ಹಾಕುತ್ತೇನೆ, ನೂರು ಪೌಂಡ್ ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕಳಿಸು' ಎನ್ನುತ್ತಾನೆ. ಆ ಹಣ ಇನ್ನೊಬ್ಬರಿಂದ ದೋಚಿದ್ದು. ಬ್ರಿಟನ್ನಿನ ಕಾನೂನಿನಲ್ಲಿ ಇದು ಕಪ್ಪುಹಣ ಸಾಗಣೆ. ಶಿಕ್ಷೆ ಹದಿನಾಲ್ಕು ವರ್ಷದವರೆಗೆ. ಜೈಲು ತಪ್ಪಿದರೂ ಖಾತೆ ಮುಚ್ಚುತ್ತದೆ, ಆರು ವರ್ಷ ಬೇರೆ ಬ್ಯಾಂಕುಗಳೂ ಹತ್ತಿರ ಸೇರಿಸದೆ ಇರಬಹುದು. ಪದವಿ ತರಗತಿಯ ವಿದ್ಯಾರ್ಥಿ ಕಾಲೇಜು ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ನಿಯಮವನ್ನು ಮೀರಿ ಕೈಗೆ ನಗದು ಕೊಡುತ್ತೇನೆ ಎನ್ನುವ ಮಾಲೀಕನೂ ಹುಡುಗನ ವೀಸಾಕ್ಕೆ ಮಿತ್ರನಲ್ಲ. ಹಾಗೆಯೇ ರಜೆ ಬಂತೆಂದು ಸ್ನೇಹಿತರ ಜೊತೆ ಪ್ಯಾರಿಸ್ಸಿನ ರೈಲು ಹತ್ತುವ ಮುನ್ನ ನೆನಪಿರಲಿ, ಬ್ರಿಟನ್ನಿನ ವೀಸಾ ಅಲ್ಲಿ ನಡೆಯದು. ಅದಕ್ಕೆ ಷೆಂಗೆನ್ ವೀಸಾ ಬೇರೆಯೇ ಬೇಕು.

ಮನೆಗೆ ಹೇಳುವುದು ಹೇಗೆ?

ಮೋಸ ಹೋದ ಹುಡುಗ ಮಾಡುವ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಅವನು ಮನೆಗೆ ಹೇಳುವುದಿಲ್ಲ. 'ಅರಾಮ ಇದ್ದೀಯೇನೋ ತಮ್ಮಾ?' ಎಂದು ಅಪ್ಪ ಕೇಳಿದರೆ 'ಅರಾಮ ಅದೀನಿ ಯಪ್ಪಾ' ಎಂದುಬಿಡುತ್ತಾನೆ. ಹೊಲದ ಮೇಲೆ ಸಾಲ ತೆಗೆದ ಅಪ್ಪನಿಗೆ ಹೇಗೆ ಹೇಳುವುದು? ಹೋದ ಹಣವನ್ನು ತಾನೇ ತುಂಬಲು ಹೊರಡುತ್ತಾನೆ. ಆಗಲೇ ರಾತ್ರಿಯಿಡೀ ಕಳ್ಳ ಕೆಲಸ, ಬಾಡಿಗೆಗೆ ಕೊಟ್ಟ ಬ್ಯಾಂಕ್ ಖಾತೆ, ತಪ್ಪಿದ ತರಗತಿಗಳು. ಹಾಜರಾತಿ ಕಡಿಮೆಯಾದರೆ ವಿಶ್ವವಿದ್ಯಾಲಯ ಸರ್ಕಾರಕ್ಕೆ ವರದಿ ಮಾಡಲೇಬೇಕು.

ಹಣ ಮರಳಿ ಸಿಗುವ ಸಾಧ್ಯತೆ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಬ್ರಿಟನ್ನಿನಲ್ಲಿ 159ಕ್ಕೆ ಕರೆ ಮಾಡಿದರೆ ಹೆಚ್ಚಿನ ದೊಡ್ಡ ಬ್ಯಾಂಕುಗಳಿಗೆ ನೇರ ಸಂಪರ್ಕ ಸಿಗುತ್ತದೆ. ಹಣ ಹೋದದ್ದು ಇಲ್ಲಿನ ಖಾತೆಯಿಂದಾದರೆ ತಂದೆಯೇ 1930ಕ್ಕೆ ಕರೆ ಮಾಡಬೇಕು. ಮಗ ಮೂರು ದಿನ ಬಾಯಿ ಬಿಡದಿದ್ದರೆ ತಂದೆ ಮಾಡುವುದೇನು? ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಒಂದು ಮಾತು ಆಗಬೇಕು: ಹಣ ಹೋದರೆ ಬೈಯುವುದಿಲ್ಲ, ಆದರೆ ಅವತ್ತೇ ಹೇಳಬೇಕು. ಇದನ್ನು ತಂದೆಯೇ ಬಾಯಿಬಿಟ್ಟು ಹೇಳಬೇಕು, ಅರ್ಥಮಾಡಿಕೊಂಡಿದ್ದಾನೆ ಬಿಡಿ ಎಂದರೆ ಸಾಲದು.

ಪ್ರಾಣಾಪಾಯ, ಹಲ್ಲೆ, ಬೆಂಕಿಗೆ 999. ಅವಸರವಿಲ್ಲದ ಪೊಲೀಸ್ ಕೆಲಸಕ್ಕೆ 101, ವೈದ್ಯಕೀಯ ಸಲಹೆಗೆ 111. ಪಾಸ್‌ಪೋರ್ಟ್ ಕಳವಾದರೆ ಪೊಲೀಸ್ ದೂರು, ನಂತರ ಆಲ್ಡ್‌ವಿಚ್‌ನ ಇಂಡಿಯಾ ಹೌಸ್‌ನಲ್ಲಿರುವ ಭಾರತೀಯ ಹೈಕಮಿಷನ್.

ಊರಿನಿಂದ ಕರೆ ಮಾಡುವವರು ಗಡಿಯಾರವನ್ನೂ ಗಮನಿಸಬೇಕು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಡಿಸೆಂಬರಿನಲ್ಲಿ ಗುಂಜಹಳ್ಳಿಯಲ್ಲಿ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನು ಮಾಡಿದರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಇನ್ನರ್ಧ ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಮಗಳು ಆಗ ಕಾಲೇಜಿನಿಂದ ಹೊರಟು ರಸ್ತೆಯಲ್ಲಿರುತ್ತಾಳೆ, ಫೋನು ಕೈಯಲ್ಲಿ ಹಿಡಿದು ಮಾತಾಡುತ್ತಾ ನಡೆಯುತ್ತಾಳೆ. ಅವಳು ಕೋಣೆ ಸೇರಿದ ಮೇಲೆ ತಾನೇ ಮಾಡಲಿ. ಊರಿನಲ್ಲಿ ತಾಯಿ ಇನ್ನೊಂದು ತಾಸು ಎಚ್ಚರವಿರಬೇಕಾಗುತ್ತದೆ, ಅಷ್ಟೇ.