ದೇವಲೋಕದಿಂದ ಬಿದ್ದವನ ಪ್ರೇಮ

ಕಾಕಸಸ್ ಪರ್ವತಗಳ ಹಿಮಶಿಖರಗಳ ಮೇಲೆ ಒಬ್ಬ ಬಹಿಷ್ಕೃತ ದೇವದೂತನು ಒಂಟಿಯಾಗಿ ಹಾರುತ್ತಿದ್ದಾನೆ. ಒಂದು ಕಾಲದಲ್ಲಿ ಅವನು ಜ್ಯೋತಿರ್ಲೋಕದ ನಿವಾಸಿ. ಈಗ ನೆಲೆಯಿಲ್ಲದ ಅಲೆಮಾರಿ. ಮಾನವರಲ್ಲಿ ಕೇಡನ್ನು ಬಿತ್ತುತ್ತ ಅವನು ಯುಗಗಳನ್ನೇ ಕಳೆದಿದ್ದಾನೆ. ಎಲ್ಲಿಯೂ ಪ್ರತಿರೋಧವೇ ದೊರೆಯದುದರಿಂದ ಆ ಕೇಡಿನ ಕಾಯಕವೂ ಅವನಿಗೆ ಬೇಸರವಾಗಿದೆ. ಅಂಥವನ ಕಣ್ಣಿಗೆ, ಕೆಳಗೆ ಜಾರ್ಜಿಯಾದ ಕಣಿವೆಯೊಂದರಲ್ಲಿ, ಮನೆಯ ಮಾಳಿಗೆಯ ಮೇಲೆ ಗೆಳತಿಯರೊಡನೆ ನರ್ತಿಸುತ್ತಿರುವ ಮದುವಣಗಿತ್ತಿಯೊಬ್ಬಳು ಬೀಳುತ್ತಾಳೆ. ಬರಡಾಗಿದ್ದ ಎದೆಯಲ್ಲಿ ಮರೆತುಹೋಗಿದ್ದ ಒಂದು ಭಾವ ಮತ್ತೆ ಮಿಡಿಯುತ್ತದೆ.

ರಷ್ಯಾದ ಮಹಾಕವಿ ಮಿಖಾಯಿಲ್ ಲೆರ್ಮೊಂತೊವನ 'ಡೀಮನ್' ಎಂಬ ಕಥನಕಾವ್ಯದ ಆರಂಭವಿದು. ಪತಿತ ದೇವದೂತನು ಮಾನವಕನ್ಯೆಗೆ ಮನಸೋಲುವ ಕಥೆಗಳು ಈ ಶತಮಾನದಲ್ಲಿ ಅಮೆರಿಕದ ಹದಿಹರೆಯದ ಓದುಗರನ್ನು ಬಹುವಾಗಿ ಸೆಳೆದಿವೆ. ಲಾರೆನ್ ಕೇಟ್ ಬರೆದ 'ಫಾಲನ್' ಮತ್ತು ಬೆಕ್ಕಾ ಫಿಟ್ಸ್‌ಪ್ಯಾಟ್ರಿಕ್ ಬರೆದ 'ಹಷ್, ಹಷ್' ಎಂಬ ಎರಡು ಕಾದಂಬರಿಗಳೂ 2009ರಲ್ಲಿಯೇ ಪ್ರಕಟವಾದುವು. ಹುಡುಗಿಯರು ರಾತ್ರಿಯೆಲ್ಲ ಎದ್ದು ಕುಳಿತು ಓದುವ ಇಂಥ ಕಥೆಗಳನ್ನು ಹೊಸ ಕಾಲದ ಹುಚ್ಚೆಂದು ಹಿರಿಯರು ತಳ್ಳಿಹಾಕಬಹುದು. ಆದರೆ ಈ ವಸ್ತುವಿಗೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ವಯಸ್ಸಾಗಿದೆ.

ಹರ್ಮೋನ್ ಗಿರಿಯ ಇನ್ನೂರು ಮಂದಿ

ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವಿಗೆ ಮರುಳಾದರೆಂಬ ಮಾತು ಬೈಬಲಿನ ಆದಿಕಾಂಡದಲ್ಲಿ ಬಹು ಸಂಕ್ಷಿಪ್ತವಾಗಿ ಬರುತ್ತದೆ. ಅದನ್ನೇ ವಿಸ್ತರಿಸಿ ಹೇಳುವುದು ಯಹೂದ್ಯರ ಪುರಾತನ 'ಹನೋಕನ ಗ್ರಂಥ'. ಅದರ ಪ್ರಕಾರ, ಲೋಕವನ್ನು ಕಾಯಬೇಕಾಗಿದ್ದ 'ಕಾವಲುಗಾರ'ರೆಂಬ ಇನ್ನೂರು ದೇವದೂತರು ಹರ್ಮೋನ್ ಬೆಟ್ಟದ ಮೇಲೆ ಇಳಿದು, ಪರಸ್ಪರ ಆಣೆಯಿಟ್ಟುಕೊಂಡು, ಮಾನವಸ್ತ್ರೀಯರನ್ನು ವರಿಸಿದರು. ಅವರಲ್ಲಿ ಒಬ್ಬನು ಮನುಷ್ಯರಿಗೆ ಖಡ್ಗ ಕವಚಗಳನ್ನೂ, ಬಳೆ ಆಭರಣಗಳನ್ನೂ, ಕಣ್ಣಿಗೆ ಕಾಡಿಗೆ ತೀಡುವುದನ್ನೂ ಕಲಿಸಿದನಂತೆ!

ಈ ಗ್ರಂಥವು ಪೂರ್ಣರೂಪದಲ್ಲಿ ಉಳಿದು ಬಂದುದು ಇಥಿಯೋಪಿಯಾದ ಪ್ರಾಚೀನ ಗೀಝ್ ಭಾಷೆಯಲ್ಲಿ ಮಾತ್ರ. ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಅದರ ಹಸ್ತಪ್ರತಿಗಳನ್ನು ಯೂರೋಪಿಗೆ ತಂದನು. 1821ರಲ್ಲಿ ಇಂಗ್ಲಿಷ್ ಅನುವಾದ ಹೊರಬಿತ್ತು. ಅದೇ ದಶಕದಲ್ಲಿ ಕವಿಗಳೆಲ್ಲ ಈ ವಸ್ತುವಿನ ಬೆನ್ನುಹತ್ತಿದರು. 1823ರಲ್ಲಿ ಬೈರನ್ ಮತ್ತು ಥಾಮಸ್ ಮೂರ್, 1824ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ದ ವಿನ್ಯಿ ದೇವದೂತರ ಪ್ರೇಮವನ್ನು ಹಾಡಿದರು.

ಹದಿನಾಲ್ಕರ ಹರೆಯದ ಕವಿ

ಲೆರ್ಮೊಂತೊವನು ಹುಟ್ಟಿದ್ದು 1814ರಲ್ಲಿ. ಎರಡು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ತಾಯಿಯನ್ನು ಕಳೆದುಕೊಂಡ ಮಗುವನ್ನು ಅಜ್ಜಿ ತರ್ಖಾನಿಯ ತನ್ನ ಜಹಗೀರಿನಲ್ಲಿ ಸಾಕಿದಳು. 1829ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವನು 'ಡೀಮನ್' ಕಾವ್ಯಕ್ಕೆ ಕೈಹಚ್ಚಿದನು. ಮುಂದಿನ ಹತ್ತು ವರ್ಷ ಅದನ್ನು ಮತ್ತೆ ಮತ್ತೆ ತಿದ್ದಿ ಬರೆದನು.

1837ರಲ್ಲಿ ಪುಷ್ಕಿನ್ ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದಾಗ, ಆ ಸಾವಿಗೆ ಆಸ್ಥಾನದ ದೊಡ್ಡವರನ್ನೇ ಹೊಣೆಮಾಡಿ ಲೆರ್ಮೊಂತೊವನು ಕವನವೊಂದನ್ನು ಬರೆದನು. ಅದಕ್ಕೆ ದೊರೆತ ಬಹುಮಾನ ಕಾಕಸಸ್ಸಿನ ಸೇನಾಠಾಣ್ಯಕ್ಕೆ ಗಡೀಪಾರು. ಆದರೆ ಆ ಶಿಕ್ಷೆಯೇ ಕಾವ್ಯಕ್ಕೆ ವರವಾಯಿತು. ಮೊದಲು ಯಾವುದೋ ಅಸ್ಪಷ್ಟ ನಾಡಿನಲ್ಲಿ ನಡೆಯುತ್ತಿದ್ದ ಕಥೆ ಈಗ ಕಜ್ಬೆಕ್ ಶಿಖರ, ಟೆರೆಕ್ ನದಿಯ ಭೋರ್ಗರೆತ, ಜಾರ್ಜಿಯಾದ ಹಸುರು ಕಣಿವೆಗಳ ನಡುವೆ ನೆಲೆನಿಂತಿತು. ಬಹಿಷ್ಕೃತನ ಒಂಟಿತನವನ್ನು ಬರೆಯುತ್ತಿದ್ದವನು ತಾನೇ ಬಹಿಷ್ಕೃತನಾಗಿದ್ದನು.

ವಿಷವಾದ ಚುಂಬನ

ಕಥೆಯ ಕನ್ಯೆ ತಮಾರಾ, ಗುದಾಲನೆಂಬ ಶ್ರೀಮಂತ ಪಾಳೆಯಗಾರನ ಮಗಳು. ಮದುವೆಗೆಂದು ಉಡುಗೊರೆಗಳ ಸಾಲಿನೊಡನೆ ಧಾವಿಸಿ ಬರುತ್ತಿದ್ದ ವರನು, ವಧುವಿನ ಕನಸಿನಲ್ಲಿ ಮೈಮರೆತು, ದಾರಿಯ ಗುಡಿಯಲ್ಲಿ ಪ್ರಾರ್ಥಿಸುವ ವಾಡಿಕೆಯನ್ನು ಕೈಬಿಡುತ್ತಾನೆ. ಆ ಮರೆವಿನ ಹಿಂದಿರುವುದು ಡೀಮನನ ಕೈವಾಡ. ಕಳ್ಳರ ಗುಂಡಿಗೆ ಬಲಿಯಾದ ವರನ ಶವವನ್ನು ಹೊತ್ತು ಅವನ ಕುದುರೆ ಮದುವೆಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಅಳುತ್ತಿದ್ದ ತಮಾರಾಳಿಗೆ ಅಂದಿನ ರಾತ್ರಿಯಿಂದಲೇ ಕಾಣದ ದನಿಯೊಂದು ಸಾಂತ್ವನ ನುಡಿಯತೊಡಗುತ್ತದೆ. ಹೆದರಿದ ಹುಡುಗಿ ತಂದೆಯನ್ನು ಬೇಡಿ ಕ್ರೈಸ್ತ ಸನ್ಯಾಸಿನಿಯರ ಮಠವನ್ನು ಸೇರುತ್ತಾಳೆ. ದನಿ ಅಲ್ಲಿಗೂ ಹಿಂಬಾಲಿಸುತ್ತದೆ. ಕೊನೆಗೊಂದು ರಾತ್ರಿ ಡೀಮನ್ ಅವಳೆದುರು ನಿಲ್ಲುತ್ತಾನೆ. ತಾನು ಸ್ವರ್ಗದೊಡನೆ ರಾಜಿಮಾಡಿಕೊಳ್ಳುವೆನು, ಒಳಿತನ್ನು ನಂಬುವೆನು, ಅವಳ ಪ್ರೇಮವೊಂದೇ ತನ್ನನ್ನು ಉದ್ಧರಿಸಬಲ್ಲದು ಎಂದು ಆಣೆಯ ಮೇಲೆ ಆಣೆಯಿಡುತ್ತಾನೆ. ತಮಾರಾ ಕರಗುತ್ತಾಳೆ. ಅವನ ಚುಂಬನದ ವಿಷ ಮರುಕ್ಷಣವೇ ಅವಳ ಪ್ರಾಣವನ್ನು ಹೀರುತ್ತದೆ.

ಸತ್ತವಳ ಆತ್ಮವೂ ತನ್ನದೆಂದು ಡೀಮನ್ ಅಡ್ಡಬರುತ್ತಾನೆ. ಆದರೆ ಅವಳು ನೊಂದಿದ್ದಾಳೆ, ಪ್ರೀತಿಸಿದ್ದಾಳೆ. ಪ್ರೀತಿಸಿದವರಿಗೆ ಸ್ವರ್ಗದ ಬಾಗಿಲು ತೆರೆದಿದೆಯೆಂದು ಹೇಳಿ ದೇವದೂತನು ಆ ಆತ್ಮವನ್ನು ಕೊಂಡೊಯ್ಯುತ್ತಾನೆ. ಡೀಮನ್ ಮತ್ತೆ ಒಂಟಿ.

ನಮ್ಮ ಪುರಾಣಗಳಲ್ಲಿ ಶಾಪಗ್ರಸ್ತರಾಗಿ ಭೂಮಿಗಿಳಿದ ಗಂಧರ್ವರಿಗೂ ಅಪ್ಸರೆಯರಿಗೂ ಒಂದು ವಿಶಾಪವಿರುತ್ತದೆ. ಅವಧಿ ಮುಗಿದೊಡನೆ ಅವರು ತಮ್ಮ ಲೋಕಕ್ಕೆ ಮರಳುತ್ತಾರೆ. ಈ ದೇವದೂತನ ಪತನಕ್ಕೆ ಅಂಥ ಅವಧಿಯಿಲ್ಲ. ಆದುದರಿಂದಲೇ ಅವನ ಮಾತಿನಲ್ಲಿ ಅಷ್ಟು ಆರ್ತತೆ; ಆದುದರಿಂದಲೇ ಆ ಮಾತು ಕೇಳುವವಳಿಗೆ ಅಷ್ಟು ಅಪಾಯಕರ.

ಅಚ್ಚಾಗದ ಕಾವ್ಯ, ಮುಗಿಯದ ಚಿತ್ರ

1841ರ ಜುಲೈ 27ರಂದು ಪ್ಯಾತಿಗೋರ್ಸ್ಕ್ ಊರಿನ ಬಳಿ, ಮಶೂಕ್ ಬೆಟ್ಟದ ತಪ್ಪಲಿನಲ್ಲಿ, ಹಳೆಯ ಸಹಪಾಠಿ ಮಾರ್ತಿನೋವನೊಡನೆ ನಡೆದ ದ್ವಂದ್ವಯುದ್ಧದಲ್ಲಿ ಲೆರ್ಮೊಂತೊವನು ಮಡಿದನು. ಆಗ ಅವನಿಗೆ ಇಪ್ಪತ್ತಾರು ವರ್ಷ. ತನ್ನ ಕಾವ್ಯವನ್ನು ಅಚ್ಚಿನಲ್ಲಿ ಕಾಣುವ ಭಾಗ್ಯ ಅವನಿಗೆ ಬರಲಿಲ್ಲ. ದೇವರಿಗೆ ಎದುರು ನಿಂತವನ ಮೇಲೆ ಕನಿಕರ ಹುಟ್ಟಿಸುವ ಕಾವ್ಯವನ್ನು ಸೆನ್ಸಾರಿನವರು ಒಪ್ಪುವುದು ಸುಲಭವಿರಲಿಲ್ಲ. 1842ರಲ್ಲಿ ಹೊರಬಂದುದು ಕೆಲವು ತುಣುಕುಗಳು ಮಾತ್ರ. ಜನರು ಕೈಬರಹದಲ್ಲಿಯೇ ನಕಲು ಮಾಡಿ ಹಂಚಿಕೊಂಡರು. ಪ್ರಸಿದ್ಧ ವಿಮರ್ಶಕ ಬೆಲಿನ್ಸ್ಕಿಯೂ ತನ್ನ ಕೈಯಾರೆ ಒಂದು ಪ್ರತಿಯನ್ನು ಬರೆದುಕೊಂಡನು. ಪೂರ್ಣ ಕಾವ್ಯ 1856ರಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು. ರಷ್ಯಾದಲ್ಲಿ ಅದು ಬೆಳಕು ಕಂಡುದು 1860ರಲ್ಲಿ.

1875ರಲ್ಲಿ ಆಂಟನ್ ರುಬಿನ್‌ಸ್ಟೈನ್ ಈ ಕಥೆಯನ್ನು ಸಂಗೀತನಾಟಕವಾಗಿ ಸೇಂಟ್ ಪೀಟರ್ಸ್‌ಬರ್ಗಿನ ರಂಗಕ್ಕೆ ತಂದನು. ಕಾವ್ಯವು ಹೆಚ್ಚು ಗಾಢವಾಗಿ ಹಿಡಿದುಕೊಂಡುದು ಚಿತ್ರಕಾರ ಮಿಖಾಯಿಲ್ ವ್ರೂಬೆಲನನ್ನು. 1890ರಲ್ಲಿ ಅವನು, ಮೊಣಕಾಲುಗಳನ್ನು ಅಪ್ಪಿ ಕುಳಿತು ಶೂನ್ಯವನ್ನು ದಿಟ್ಟಿಸುವ ಡೀಮನನನ್ನು ಚಿತ್ರಿಸಿದನು. 1902ರಲ್ಲಿ ರೆಕ್ಕೆ ಮುರಿದು ಬಿದ್ದ ಡೀಮನನನ್ನು ಬಿಡಿಸಿ ಪ್ರದರ್ಶನಕ್ಕಿಟ್ಟ ಮೇಲೂ ತೃಪ್ತಿಯಾಗದೆ, ಪ್ರದರ್ಶನದ ಸಭಾಂಗಣದಲ್ಲಿಯೇ ಅದರ ಮುಖವನ್ನು ದಿನವೂ ತಿದ್ದುತ್ತಿದ್ದನು. ಅದೇ ವರ್ಷ ಅವನನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. 1906ರಲ್ಲಿ ದೃಷ್ಟಿ ನಂದಿತು. 1910ರಲ್ಲಿ ಪ್ರಾಣವೂ ಹೋಯಿತು.

ಹೊಸ ತಮಾರಾ

ಇನ್ನು ಅಮೆರಿಕದ ಆ ಹೊಸ ಕಾದಂಬರಿಗಳು. 'ಫಾಲನ್' ನಡೆಯುವುದೂ ಜಾರ್ಜಿಯಾದಲ್ಲಿಯೇ. ಆದರೆ ಇದು ಅಮೆರಿಕದ ಸಂಸ್ಥಾನ. ನಾಯಕಿ ಲೂಸ್ ವಸತಿಶಾಲೆಯೊಂದರ ವಿದ್ಯಾರ್ಥಿನಿ. ಅವಳು ಒಲಿಯುವ ಡ್ಯಾನಿಯೆಲನ ಮನೆತನದ ಹೆಸರು ಗ್ರಿಗೊರಿ. ಹನೋಕನ ಆ 'ಕಾವಲುಗಾರ'ರ ಗ್ರೀಕ್ ಹೆಸರಿನಿಂದ ಬಂದ ಪದವದು. ಇಲ್ಲಿಯೂ ಪ್ರೇಮವು ಸಾವನ್ನು ತರುತ್ತದೆ: ಜನ್ಮಜನ್ಮಗಳಲ್ಲಿಯೂ ಲೂಸ್ ಅವನನ್ನು ಪ್ರೀತಿಸಿ, ಹದಿನೇಳರ ಹರೆಯದಲ್ಲಿ ಸಾಯುತ್ತ ಬಂದಿದ್ದಾಳೆ. 'ಹಷ್, ಹಷ್' ಕಾದಂಬರಿಯ ಪ್ಯಾಚ್ ಎಂಬ ಪತಿತ ದೇವದೂತನು ನೋರಾಳನ್ನು ಸಮೀಪಿಸುವುದೇ ಅವಳನ್ನು ಕೊಂದು ತಾನು ಮನುಷ್ಯನಾಗಬೇಕೆಂಬ ಹಂಚಿಕೆಯಿಂದ. ಕೊನೆಗೆ ಅವಳನ್ನು ಉಳಿಸಿ, ಅವಳ ರಕ್ಷಕ ದೂತನಾಗುತ್ತಾನೆ. ಹೆದರಿಸುವವನನ್ನೇ ಪ್ರಿಯಕರನನ್ನಾಗಿ ತೋರಿಸಿದ್ದಕ್ಕಾಗಿ ಈ ಪುಸ್ತಕವನ್ನು ಖಂಡಿಸಿದವರುಂಟು.

ಆ ಖಂಡನೆಯಲ್ಲಿ ಹುರುಳಿಲ್ಲದಿಲ್ಲ. ನಿನ್ನ ಪ್ರೀತಿಯಿಂದ ನಾನು ಒಳ್ಳೆಯವನಾಗುವೆನೆಂದು ಆಣೆಯಿಡುವ ಗಂಡಸರು ದೇವಲೋಕದಿಂದಲೇ ಬೀಳಬೇಕಾಗಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಹೊಸ ಕಾದಂಬರಿಯಲ್ಲಿ ಆ ಆಣೆ ನಿಜವಾಗುತ್ತದೆ, ಹುಡುಗಿ ಬದುಕುತ್ತಾಳೆ. ಲೆರ್ಮೊಂತೊವನ ಡೀಮನ್ ಆಣೆಯಿಡುವಾಗ ಸುಳ್ಳಾಡುತ್ತಿದ್ದನೆಂದು ಹೇಳುವುದು ಕಷ್ಟ. ಮಠದ ಹೊರಗೆ ಅವನ ಕಣ್ಣಿನಿಂದ ಉದುರಿದ ಒಂದು ಹನಿ ಕಲ್ಲನ್ನೇ ಸುಟ್ಟು ತೂತುಮಾಡಿತೆಂದು ಕವಿ ವರ್ಣಿಸುತ್ತಾನೆ. ಆದರೂ ಅವನ ಉದ್ಧಾರದ ಬೆಲೆಯನ್ನು ತೆತ್ತವಳು ತಮಾರಾ. ಉದ್ಧಾರವೂ ಆಗಲಿಲ್ಲ.