ನಾಯಿಯ ಮೈಮೇಲಿನ ಗಂಟು: ಯಾವಾಗ ಎಚ್ಚರ ವಹಿಸಬೇಕು?

ತೋಟ ಕಾಯುವ ನಾಯಿಯ ಮೈಮೇಲೆ ಗಂಟು ಕಂಡರೆ ನಮ್ಮಲ್ಲಿ ಕೆಲವರು ಹಿಸುಕಿ ಸುಣ್ಣ ಹಚ್ಚುತ್ತೇವೆ. ಕೆಲವರು ತಾನೇ ಕರಗೀತೆಂದು ಸುಮ್ಮನಿರುತ್ತೇವೆ. ಎರಡೂ ಸರಿಯಲ್ಲ. ಬಹಳಷ್ಟು ಗಂಟುಗಳಿಂದ ಅಪಾಯವಿಲ್ಲ, ನಿಜ. ಆದರೆ ಹೋಗಿ ಮತ್ತೆ ಬರುವ ಗಂಟಿನ ವಿಷಯದಲ್ಲಿ ಉದಾಸೀನ ಸಲ್ಲದು.

ಮೊದಲು ಸಾಮಾನ್ಯವಾದವನ್ನು ನೋಡೋಣ. ಉಣುಗು ಕಚ್ಚಿದಲ್ಲಿ ಸಣ್ಣ ಗಂಟು ಕೆಲವು ದಿನ ಉಳಿಯುವುದುಂಟು. ವಯಸ್ಸಾದ, ದಪ್ಪನಾದ ನಾಯಿಯ ಚರ್ಮದಡಿ ಮೆತ್ತಗೆ ಜಾರುವ ಗಂಟು ಹೆಚ್ಚಾಗಿ ಕೊಬ್ಬಿನದು. ಚೀಲದಂಥ ಗಂಟನ್ನು ಹಿಸುಕಿದರೆ ಹಿಟ್ಟಿನಂಥ ವಸ್ತು ಬರುತ್ತದೆ; ಚೀಲ ಒಳಗೇ ಉಳಿಯುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಮುಳ್ಳಿನ ಚೂರು ಒಳಗಿದ್ದರೆ ಕೀವುಗಟ್ಟಿ, ಒಡೆದು, ಒಣಗಿ, ಪುನಃ ಅಲ್ಲೇ ಬಾವು ಏಳುತ್ತದೆ.

ಭಯಪಡಬೇಕಾದದ್ದು ಮಾಸ್ಟ್ ಸೆಲ್ ಗೆಡ್ಡೆ ಎಂಬ ಕ್ಯಾನ್ಸರಿಗೆ. ಇದರ ಜೀವಕೋಶಗಳು ಹಿಸ್ಟಮೀನ್ ಮುಂತಾದ ವಸ್ತುಗಳನ್ನು ಬಿಡುವುದರಿಂದ ಗಂಟು ಇಂದು ಕೆಂಪಗೆ ಊದಿ, ನಾಲ್ಕು ದಿನದಲ್ಲಿ ಇಳಿಯಬಹುದು. ಇಳಿದದ್ದನ್ನು ಕಂಡು ವಾಸಿಯಾಯಿತೆಂದು ತಿಳಿಯುವುದೇ ಅಪಾಯ. ಹಿಸುಕಿದರಂತೂ ಊತ ಹೆಚ್ಚುತ್ತದೆ. ಬರಿಗೈಯಲ್ಲಿ ಮುಟ್ಟಿ ಇದನ್ನು ಕೊಬ್ಬಿನ ಗಂಟಿನಿಂದ ಬೇರ್ಪಡಿಸುವುದು ಪಶುವೈದ್ಯರಿಗೂ ಸಾಧ್ಯವಿಲ್ಲ. ತೆಳು ಸೂಜಿಯಿಂದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ.

ಕೆಳಗಿನ ಸಂದರ್ಭಗಳಲ್ಲಿ ನಾಯಿಯನ್ನು ವೈದ್ಯರಿಗೆ ತೋರಿಸಲೇಬೇಕು:

1. ಗಂಟು ಸುಮಾರು 1 ಸೆ.ಮೀ., ಅಂದರೆ ಒಂದು ಕಾಫಿ ಬೀಜದ ಉದ್ದ, ಬೆಳೆದು ತಿಂಗಳಾದರೂ ಹೋಗದಿದ್ದರೆ.

2. ಬೇಗ ಬೆಳೆದರೆ, ಹುಣ್ಣಾದರೆ, ಅಥವಾ ಅಲುಗಾಡದೆ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿದ್ದರೆ.

3. ಕರಗಿದ ಅಥವಾ ಕೊಯ್ದು ತೆಗೆದ ಜಾಗದಲ್ಲೇ ಮತ್ತೆ ಎದ್ದರೆ.

4. ಹೆಣ್ಣುನಾಯಿಯ ಮೊಲೆಸಾಲಿನಲ್ಲಿ ಎಷ್ಟೇ ಸಣ್ಣ ಗಂಟು ಕಂಡರೂ.

5. ಜನನಾಂಗದ ಬಳಿ ಹೂಕೋಸಿನಂತೆ ಬೆಳೆದು ರಕ್ತ ಸೋರಿದರೆ. ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಗೆಡ್ಡೆ ಇದಾಗಿರಬಹುದು. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿನಿಂದ ಇದು ಬಹುತೇಕ ಗುಣವಾಗುತ್ತದೆ.

ಶಸ್ತ್ರಕ್ರಿಯೆಯಲ್ಲಿ ತೆಗೆದ ಗಂಟನ್ನು ಎಸೆಯಬಾರದು. ಅದನ್ನು ಫಾರ್ಮಲಿನ್‌ನಲ್ಲಿಟ್ಟು ಪರೀಕ್ಷೆಗೆ ಕಳಿಸುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ಅಂಚಿನಲ್ಲಿ ರೋಗದ ಕೋಶ ಉಳಿದಿದ್ದರೆ ಗಂಟು ಮರುಕಳಿಸುವ ಸಂಭವ ಹೆಚ್ಚು. ನೋವಿಗೆಂದು ನಾವು ನುಂಗುವ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೆನ್‌ನಂಥವು ಅದಕ್ಕೆ ವಿಷ.

ಗಂಟು ಕಂಡ ದಿನ, ಜಾಗ, ಅಳತೆಯನ್ನು ತೋಟದ ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಬಹಳ ಅನುಕೂಲ. ಕಾಫಿ ಕೊಯ್ಲು, ಅಡಿಕೆ ಸುಲಿತದ ಗಡಿಬಿಡಿಯಲ್ಲಿ ನಾವು ಇಂಥದ್ದನ್ನು ಮುಂದೂಡುತ್ತೇವೆ. ಆ ಎರಡು ಮೂರು ತಿಂಗಳಲ್ಲೇ ಕೆಟ್ಟ ಗೆಡ್ಡೆ ಒಳಗೆ ಹರಡಿಬಿಡಬಹುದು. ಆದುದರಿಂದ ಕೊಯ್ಲು ಮುಗಿಯಲೆಂದು ಕಾಯದೆ ಒಂದು ಬೆಳಗನ್ನು ನಾಯಿಗಾಗಿ ಬಿಡುವು ಮಾಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ